ಸದ್ದೆಲ್ಲ ಮೊದಲೇ ರೆಕಾರ್ಡ್ ಮಾಡಿಕೊಂಡು ಬರಬಾರದಾ?

ನಾಟಕ ಮುಗಿದು ನಾಲ್ಕು ಜನ ಮಾತಾಡಿಸೋಕೆ ಬಂದರೆ ಅದರಲ್ಲಿ ಒಬ್ಬರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. "ಇಷ್ಟೊಂದು ಸದ್ದನ್ನ ಸ್ಟೇಜ್ ಮೇಲೇ ಯಾಕೆ ಮಾಡ್ತೀರಾ? ಮೊದಲೇ ರೆಕಾರ್ಡ್ ಮಾಡ್ಕೊಂಡು ಬಂದು ಲ್ಯಾಪ್‌ಟಾಪಲ್ಲಿ ಪ್ಲೇ ಮಾಡಿದ್ರೆ ಆಗಲ್ವಾ? ಒಬ್ಬರೇ ಆಕ್ಟಿಂಗೂ ಮಾಡಬೇಕು, ಇದನ್ನೂ ನೋಡ್ಕೋಬೇಕು, ಕಷ್ಟ ಅಲ್ವಾ?" ಕಷ್ಟವೇ. ಆದರೂ ಯಾಕೆ ಹೀಗೇ ಮಾಡುತ್ತೇನೆ ಅಂತ ನಿಂತಲ್ಲೇ ಎರಡು ಮಾತಲ್ಲಿ ಹೇಳೋಕೆ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೋಡದವರಿಗೆ ನಾಟಕ ಏನು ಅಂತ ಮೊದಲು ಹೇಳಿಬಿಡುತ್ತೇನೆ. ತಿಪಟೂರು ಕಡೆಯ ಒಂದು ಹಳ್ಳಿ. ಅಲ್ಲಿ ಬೆಳೆಯುವ ಒಬ್ಬ ಹುಡುಗ, ಅವನಿಗೆ ಇಷ್ಟವಾಗುವುದು ಹುಡುಗರೇ. ಏಳನೇ ಕ್ಲಾಸಿಂದ ಶುರುವಾಗಿ ಡಿಗ್ರಿ ಹಾಸ್ಟೆಲಿನವರೆಗೆ ಕಥೆ ಹೋಗುತ್ತದೆ. ಹುಡುಗ, ಅಪ್ಪ, ಅಜ್ಜಿ, ಪಿ.ಟಿ. ಮೇಷ್ಟ್ರು, ರೂಮ್‌ಮೇಟ್ ಎಲ್ಲ ನಾನೇ. ಒಂದು ಮೇಜು, ಒಂದು ಮೈಕು, ಕಾಲ ಹತ್ತಿರ ಒಂದು ಲೂಪ್ ಪೆಡಲ್. ಪೆಡಲ್ ಅಂದರೆ, ಒತ್ತಿದಾಗ ಮೈಕಿಗೆ ಕೇಳಿದ್ದನ್ನು ಹಿಡಿದುಕೊಂಡು ಮತ್ತೆ ಮತ್ತೆ ಅದನ್ನೇ ಹೇಳುವ ಸಣ್ಣ ಪೆಟ್ಟಿಗೆ. ಮೇಜಿನ ಮೇಲೆ ಸ್ಟೀಲ್ ತಟ್ಟೆ, ಹವಾಯಿ ಚಪ್ಪಲಿ, ಒಂದು ತಗಡು, ಒಣಗಿದ ತೆಂಗಿನಕಾಯಿ. ಇಷ್ಟೇ ಸಾಮಾನು.

ಈಗ ಉತ್ತರ. ಮನೆಯಲ್ಲಿ ಏನನ್ನಾದರೂ ಮುಚ್ಚಿಟ್ಟುಕೊಂಡು ಬೆಳೆದ ಮಕ್ಕಳಿಗೆ ಕಣ್ಣಿಗಿಂತ ಕಿವಿ ಚುರುಕಾಗುತ್ತದೆ. ಅಪ್ಪನ ಚಪ್ಪಲಿ ಸದ್ದು ಯಾವುದು, ಚಿಕ್ಕಪ್ಪನದು ಯಾವುದು, ಬೈಕು ತಿರುವಿನಲ್ಲಿ ಗೇರ್ ಇಳಿಸಿದರೆ ಗೇಟಿಗೆ ಬರೋಕೆ ಎಷ್ಟು ಹೊತ್ತು, ಇದೆಲ್ಲ ನನಗೆ ಲೆಕ್ಕವಿತ್ತು. ಅಷ್ಟರೊಳಗೆ ಕನ್ನಡಿ ಮುಂದಿಂದ ಎದ್ದುಬಿಡಬೇಕು, ಅಕ್ಕನ ದುಪಟ್ಟಾ ಮಡಚಿಡಬೇಕು, ಹಾಡು ನಿಲ್ಲಿಸಬೇಕು. ಇದೇ ಸದ್ದು ನನ್ನನ್ನು ಹಿಡಿದುಕೊಡುತ್ತಲೂ ಇತ್ತು. ನನ್ನ ನಗು, ನನ್ನ ನಡಿಗೆ, ಎಲ್ಲಕ್ಕಿಂತ ಜಾಸ್ತಿ ನನ್ನ ಧ್ವನಿ. ಲ್ಯಾಂಡ್‌ಲೈನ್ ಎತ್ತಿ ಹಲೋ ಅಂದರೆ ಆ ಕಡೆಯಿಂದ "ಏನಮ್ಮಾ, ಅಪ್ಪ ಇದಾರಾ?" ಅನ್ನುತ್ತಿದ್ದರು. ಕ್ಲಾಸಲ್ಲಿ ಪಾಠ ಓದೋಕೆ ಎದ್ದರೆ ಹಿಂದಿನ ಬೆಂಚಿಂದ "ಹೆಣ್ಣಿಗ" ಅಂತ ಬರುತ್ತಿತ್ತು. ಹಾಗಾಗಿ ಓದೋಕೆ ಏಳುವುದನ್ನೇ ಬಿಟ್ಟೆ, ಫೋನ್ ಎತ್ತುವುದನ್ನೂ ಬಿಟ್ಟೆ. ಸದ್ದು ಮಾಡದೆ ಇರುವುದನ್ನು ವರ್ಷಗಟ್ಟಲೆ ಕಲಿತೆ. ಈ ಕಥೆ ಹೇಳುವಾಗ ನಾನು ಮಾಡಬೇಕಾದ ಸದ್ದನ್ನು ಲ್ಯಾಪ್‌ಟಾಪಿಗೆ ಬಿಟ್ಟುಕೊಟ್ಟು ಮತ್ತೆ ಅದರ ಹಿಂದೆ ನಿಲ್ಲುವುದು ನನಗೆ ಬೇಡ. ಜನ ನೋಡುತ್ತಿರುವಾಗ ನಾನೇ ಸದ್ದು ಮಾಡಬೇಕು. ಅದು ನಾಟಕಕ್ಕೆ ಹಚ್ಚಿದ ಅಲಂಕಾರ ಅಲ್ಲ, ನಾಟಕವೇ ಅದು.

ಧ್ವನಿಯ ದೃಶ್ಯವನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಗಂಡಸರ ಮಾತಿನ ಶ್ರುತಿ 120 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ, ಹೆಂಗಸರದು 200ರ ಆಸುಪಾಸು. ಹದಿಹರೆಯದಲ್ಲಿ ಗಂಟಲು ಒಡೆದು ನನ್ನ ಶ್ರುತಿಯೂ ಎಲ್ಲರ ಹಾಗೆ ಇಳಿಯಿತು. ಆದರೂ ಛೇಡಿಸುವುದು ನಿಲ್ಲಲಿಲ್ಲ. ಯಾಕೆಂದರೆ ಜನ ಕೇಳಿಸಿಕೊಳ್ಳುತ್ತಿದ್ದದ್ದು ಬರೀ ಶ್ರುತಿಯನ್ನಲ್ಲ, ಮಾತಿನ ಏರಿಳಿತವನ್ನು, ಎಲ್ಲಿ ಎಳೆಯುತ್ತೇನೆ, ಎಲ್ಲಿ ನಗುತ್ತೇನೆ ಅನ್ನುವುದನ್ನು. ನನ್ನನ್ನು ಬಿಸಿಲಲ್ಲಿ ನಿಲ್ಲಿಸಿ "ಗಂಡಸಾಗಿ ಮಾತಾಡೋ" ಅಂದ ಮಾತ್ರಕ್ಕೆ ಅದನ್ನು ಬದಲಾಯಿಸೋಕೆ ಆಗುವುದಿಲ್ಲ. ಮೈಕಿನದ್ದೊಂದು ಗುಣ ಇದೆ. ನಾವು ಬಳಸುವ ಸಾಧಾರಣ ಸ್ಟೇಜ್ ಮೈಕಿಗೆ ತುಟಿ ತಾಗಿಸಿ ಮಾತಾಡಿದರೆ ಧ್ವನಿ ದಪ್ಪಗೆ, ಗಡಸಾಗಿ ಕೇಳುತ್ತದೆ. ಸ್ವಲ್ಪ ದೂರ ಸರಿದರೆ ತೆಳ್ಳಗಾಗುತ್ತದೆ. ಹುಡುಗ ಗಂಡಸಿನ ಹಾಗೆ ಮಾತಾಡೋಕೆ ಪ್ರಾಕ್ಟೀಸ್ ಮಾಡುವ ದೃಶ್ಯದಲ್ಲಿ ನಾನು ಮೈಕನ್ನು ನುಂಗುವಷ್ಟು ಹತ್ತಿರ ಹೋಗುತ್ತೇನೆ. ಉಸಿರು ಕಟ್ಟುತ್ತದೆ, "ಪ", "ಭ" ಅಂದಾಗಲೆಲ್ಲ ಮೈಕು ಢಬ್ ಅನ್ನುತ್ತದೆ. ಅಲ್ಲಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಬರುತ್ತಾ ಅದೇ ವಾಕ್ಯ ಹೇಳುತ್ತೇನೆ, ಕೊನೆಗೆ ಮೈಕು ಪೂರ್ತಿ ಬಿಟ್ಟು ನನ್ನ ಬರೀ ಗಂಟಲಲ್ಲಿ. ಎಷ್ಟು ಹೆಜ್ಜೆ ಅನ್ನುವುದು ಆ ದಿನದ ಹಾಲಿನ ಮೇಲೆ ಹೋಗುತ್ತದೆ. ಇದನ್ನು ರೆಕಾರ್ಡ್ ಮಾಡಿ ಹಾಕಿದರೆ ಬರೀ ಧ್ವನಿ ಬದಲಾಗುವುದು ಕೇಳಿಸುತ್ತದೆ. ಮನುಷ್ಯ ಹಿಂದಕ್ಕೆ ಸರಿಯುವುದು ಕಾಣಿಸುವುದಿಲ್ಲ.

ತೆಂಗಿನಕಾಯಿ ಬಗ್ಗೆ ಕೇಳುವವರೂ ತುಂಬಾ ಜನ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡೋದು ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು, ಕೆಲವು ಸಲ ವರ್ಷವೇ ಬಿಡುತ್ತಾರೆ. ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಡುತ್ತದೆ. ಆಮೇಲೆ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಗಟಗಟ ಅನ್ನುತ್ತದೆ. ಒಡೆದು ನೋಡಬೇಕಿಲ್ಲ, ಕಿವಿಯಲ್ಲೇ ಗೊತ್ತಾಗುತ್ತದೆ. ಅಜ್ಜಿ ಹೀಗೆ ಒಂದೊಂದನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, "ಇದಿನ್ನೂ ಆಗಿಲ್ಲ, ಇಡು" ಅಂತ ನನ್ನ ಕೈಗೆ ವಾಪಸ್ ಕೊಡುತ್ತಿದ್ದಳು. ನಾಟಕದಲ್ಲಿ ಹುಡುಗ ತಾನು ಇಷ್ಟಪಟ್ಟವನ ಹೆಸರನ್ನು ಮೊದಲ ಸಲ ಬಾಯಿಬಿಟ್ಟು ಹೇಳುವುದು ಆ ಅಟ್ಟದ ಮೇಲೆ, ಯಾರೂ ಇಲ್ಲದಾಗ. ಆಗ ಕಾಯಿಗೆ ಒಂದು ಪೀಜೋ ಅಂಟಿಸಿರುತ್ತೇನೆ. ರೂಪಾಯಿ ನಾಣ್ಯದಷ್ಟಿರುವ ಹಿತ್ತಾಳೆ ಬಿಲ್ಲೆ ಅದು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಗಾಳಿಯಲ್ಲಿ ಬರುವ ಸದ್ದನ್ನಲ್ಲ, ಅಂಟಿಸಿದ ವಸ್ತುವಿನ ನಡುಕವನ್ನೇ ಹಿಡಿಯುತ್ತದೆ. ಹೆಸರು ಹೇಳುವುದು, ಅಲ್ಲಾಡಿಸುವುದು. ಒಳಗಿನ ಕೊಬ್ಬರಿ ಚಿಪ್ಪಿಗೆ ಬಡಿಯುವುದು ಇಡೀ ಹಾಲಿಗೆ ಕೇಳುತ್ತದೆ. ಎರಡು ಕಾಯಿ ಒಂದೇ ಥರ ಸದ್ದು ಮಾಡುವುದಿಲ್ಲ, ಆದ್ದರಿಂದ ಹೆಸರು ಹೇಳುವ ರೀತಿಯೂ ಪ್ರತಿ ಸಲ ಬೇರೆಯಾಗುತ್ತದೆ. ಅದು ನನಗೆ ಬೇಕು.

ಇನ್ನು ನಗು. ಇದು ನನಗೆ ಎಲ್ಲಕ್ಕಿಂತ ಮುಖ್ಯ. ಮೊದಲ ಭಾಗದಲ್ಲಿ ಪಿ.ಟಿ. ಮೇಷ್ಟ್ರು ಮಾರ್ಚ್‌ಪಾಸ್ಟ್ ಕಲಿಸುವ ದೃಶ್ಯ ಇದೆ. ಜನ ಜೋರಾಗಿ ನಗುತ್ತಾರೆ. ಸಭೆ ಕಡೆ ತಿರುಗಿಸಿಟ್ಟ ಇನ್ನೊಂದು ಮೈಕಿಂದ ಆ ನಗುವನ್ನು ಲೂಪಿಗೆ ತೆಗೆದುಕೊಳ್ಳುತ್ತೇನೆ. ಅರ್ಧ ಗಂಟೆ ಆದ ಮೇಲೆ ಹುಡುಗ ಕ್ಲಾಸಲ್ಲಿ ಪದ್ಯ ಓದೋಕೆ ಎದ್ದು ನಿಂತಾಗ ಅದೇ ನಗು ಹಿಂದಿನಿಂದ ಬರುತ್ತದೆ. ಅವರದೇ ನಗು, ಅವತ್ತಿನದೇ. ಗಂಡ ಹೆಂಡತಿ ಪಕ್ಕಪಕ್ಕ ಕೂತಿದ್ದರೆ ಒಬ್ಬರ ನಗು ಇನ್ನೊಬ್ಬರಿಗೆ ಗುರುತು ಸಿಗುತ್ತದೆ. ಇದು ಜನರಿಗೆ ಮೋಸ ಅಲ್ವಾ ಅಂತ ಕೆಲವರು ಕೇಳಿದ್ದಾರೆ, ಸರಿಯಾದ ಪ್ರಶ್ನೆಯೇ. ಅದಕ್ಕೆ ಶುರುವಿನಲ್ಲೇ ಹೇಳಿಬಿಡುತ್ತೇನೆ: ಈ ಮೈಕು ನಿಮ್ಮನ್ನೂ ಕೇಳಿಸಿಕೊಳ್ಳುತ್ತಿದೆ, ನಿಮ್ಮ ಸದ್ದು ನಾಟಕದೊಳಗೆ ಬರಬಹುದು, ಮುಗಿದ ಮೇಲೆ ಅಳಿಸಿಹಾಕುತ್ತೇನೆ. ಹೇಳಿದ್ದರೂ ಆ ಕ್ಷಣ ಬಂದಾಗ ಯಾರಿಗೂ ಅದು ನೆನಪಿರುವುದಿಲ್ಲ. ನನಗೆ ಅವರನ್ನು ತಪ್ಪಿತಸ್ಥರನ್ನಾಗಿ ಮಾಡುವ ಆಸೆ ಇಲ್ಲ. ಆ ಕ್ಲಾಸಿನ ಹುಡುಗರೂ ರಾಕ್ಷಸರೇನಲ್ಲ, ಮಾಮೂಲಿ ಮಕ್ಕಳು, ಮಾಮೂಲಿ ನಗು. ಎದ್ದು ನಿಂತವನಿಗೆ ಅದು ಹೇಗೆ ಕೇಳಿಸುತ್ತದೆ ಅನ್ನುವುದನ್ನು ಅವನು ನಿಂತ ಜಾಗದಿಂದ ಕೇಳಿಸಬೇಕು, ಅಷ್ಟೇ. ಸ್ಟಾಕ್ ನಗು ತಂದು ಹಾಕಿದರೆ ಅದು ಬೇರೆ ಯಾರದೋ ನಗುವಾಗುತ್ತದೆ.

"ಇದೆಲ್ಲ ಫಾರಿನ್ ಸ್ಟೈಲ್" ಅನ್ನುವವರಿಗೂ ಒಂದು ಮಾತು. ಪೆಡಲ್ ಹೊರಗಿನದು, ಒಪ್ಪಿದೆ. ಆದರೆ ಒಬ್ಬನೇ ನಿಂತು ಹತ್ತು ಪಾತ್ರ ಆಡುತ್ತಾ ಕೈಯಲ್ಲಿ ಚಿಟಿಕೆ, ಕಾಲಲ್ಲಿ ಗೆಜ್ಜೆ ಇಟ್ಟುಕೊಂಡು ರಾತ್ರಿಯೆಲ್ಲ ಕಥೆ ಹೇಳುವ ಹರಿಕಥೆ ದಾಸರನ್ನು ನೋಡಿಯೇ ನಾನು ಬೆಳೆದದ್ದು. ಯಕ್ಷಗಾನದಲ್ಲಿ ಭಾಗವತರು ಎಲ್ಲರಿಗೂ ಕಾಣುವ ಹಾಗೇ ಕೂತಿರುತ್ತಾರೆ. ಬಿ.ವಿ. ಕಾರಂತರು ಕೈಗೆ ಸಿಕ್ಕಿದ ಸಾಮಾನಿನಿಂದಲೂ ರಂಗಸಂಗೀತ ಹುಟ್ಟಿಸಿ ತೋರಿಸಿದರು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಊರು ನಮ್ಮ ಜಿಲ್ಲೆಯದೇ. ಕಂಪನಿ ನಾಟಕದಲ್ಲಿ ಗಂಡಸರು ಸ್ತ್ರೀಪಾತ್ರ ಮಾಡಿ ಹಾಡಿದರೆ ಜನ ಒನ್ಸ್ ಮೋರ್ ಅನ್ನುತ್ತಿದ್ದರಂತೆ. ಅದನ್ನು ಅಷ್ಟು ಹೆಮ್ಮೆಯಿಂದ ಹೇಳುವ ಊರಿನಲ್ಲೇ ನನ್ನ ಧ್ವನಿಗೆ ಬೇರೆ ಹೆಸರಿಟ್ಟರು. ಇದು ನನಗೆ ಈಗಲೂ ನೋವು ಕೊಡುತ್ತದೆ.

ಜೋಗತಿಯರು ನುಡಿಸುವ ತಂತಿವಾದ್ಯ ಚೌಡಿಕೆಯನ್ನು ಯಾಕೆ ಬಳಸಲ್ಲ ಅಂತಲೂ ಕೇಳುತ್ತಾರೆ. ಜೋಗತಿ ನೃತ್ಯದ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. ಅವರನ್ನು ಕಂಡರೆ ನನಗೆ ತುಂಬಾ ಗೌರವ. ಆದರೆ ಚೌಡಿಕೆ ಎಲ್ಲಮ್ಮ ದೇವಿಗೆ ಮುಡಿಪಾದ ಜೋಗತಿಯರದು, ಅದರ ಹಿಂದೆ ಅವರ ಹಸಿವು, ಅವರ ಭಕ್ತಿ ಇದೆ. ಕ್ವಿಯರ್, ಅಂದರೆ ಲಿಂಗ, ಲೈಂಗಿಕತೆಯಲ್ಲಿ ಎಲ್ಲರ ಹಾಗಿಲ್ಲದವರು, ಅನ್ನುವ ಒಂದೇ ಕೊಡೆಯ ಕೆಳಗೆ ಇದ್ದೇವೆ ಅಂತ ಅದನ್ನು ಎತ್ತಿಕೊಂಡು ಬರುವ ಹಕ್ಕು ನನಗಿಲ್ಲ. ನನ್ನ ಮನೆಯಲ್ಲಿದ್ದದ್ದು ತಟ್ಟೆ, ಚಪ್ಪಲಿ, ಕಾಯಿ.

ಕೋರ್ಟಿನ ಸುದ್ದಿಗೂ ನಾನು ಟಿವಿ ಕ್ಲಿಪ್ ಹಾಕುವುದಿಲ್ಲ. 2013ರ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಉಳಿಸಿದಾಗ ಹುಡುಗ ಹಾಸ್ಟೆಲ್ ಹಾಲಿನಲ್ಲಿ ಎಲ್ಲರ ಮಧ್ಯೆ ಕೂತು ಟಿವಿ ನೋಡುತ್ತಿರುತ್ತಾನೆ. ಸುದ್ದಿಯನ್ನು ನಾನೇ ಓದುತ್ತೇನೆ, ತಟ್ಟೆಯಲ್ಲಿ ಚಮಚ ಆಡಿಸುತ್ತಾ. ಸುತ್ತ ಎಲ್ಲರೂ ಊಟ ಮಾಡುತ್ತಲೇ ಇರುತ್ತಾರೆ, ನಿಲ್ಲಿಸುವುದು ಅವನ ಚಮಚ ಒಂದೇ. 2018ರ ಸೆಪ್ಟೆಂಬರ್ 6, ಅಂದರೆ ಒಪ್ಪಿತ ವಯಸ್ಕರ ಸಂಬಂಧ ಅಪರಾಧ ಅಲ್ಲ ಅಂತ ಕೋರ್ಟ್ ಹೇಳಿದ ದಿನ, ನಾಟಕದಲ್ಲಿ ಬರುವುದೇ ಇಲ್ಲ. ಕಥೆ ಅಷ್ಟು ದೂರ ಹೋಗುವುದಿಲ್ಲ. ಸೇರಿಸಿ ಅಂತ ಒತ್ತಾಯ ಮಾಡುವವರಿದ್ದಾರೆ. ಆ ಹುಡುಗನಿಗೆ ಅದು ಇನ್ನೂ ಗೊತ್ತಿಲ್ಲ, ಹಾಗಾಗಿ ನಾನು ಸೇರಿಸಲ್ಲ.

ಕಾಲೇಜಿಗೆ, ಊರಿನ ಸಂಘಕ್ಕೆ ಕರೆಯಬೇಕು, ಆದರೆ ನಮ್ಮಲ್ಲಿ ಸೌಂಡ್ ಸಿಸ್ಟಮ್ ಇಲ್ಲ ಅಂತ ಹಿಂಜರಿಯುವವರಿಗೆ: ದೊಡ್ಡದೇನೂ ಬೇಡ. ಅಲ್ಲಾಡದ ಒಂದು ಮೇಜು, ಅರ್ಥಿಂಗ್ ಸರಿ ಇರುವ ಒಂದು ಪ್ಲಗ್ ಪಾಯಿಂಟ್ ಸಾಕು. ಸ್ಪೀಕರ್ ನಾನೇ ತರುತ್ತೇನೆ. ನಾಟಕ ನಡೆಯುವಷ್ಟು ಹೊತ್ತು ಫ್ಯಾನ್ ಆಫ್ ಮಾಡಬೇಕಾಗುತ್ತದೆ, ಅದನ್ನು ಬಂದವರಿಗೆ ಮೊದಲೇ ಹೇಳಿಬಿಡಿ. ಮಕ್ಕಳು ಗಲಾಟೆ ಮಾಡುತ್ತಾರೆ ಅಂತ ಹೊರಗೆ ಕಳಿಸಬೇಡಿ, ಅವರ ಸದ್ದೂ ನನಗೆ ಬೇಕು.