ಕೇಳಬಹುದು
ಇಂದು ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರ ಸಭೆ ಇತ್ತು. ‘ಸಾಯಬೇಕು ಅನ್ನಿಸುತ್ತಿದೆಯೇ ಎಂದು ಕೇಳಿದರೆ, ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುವುದಿಲ್ಲವೇ ಮೇಡಂ?’ ಎಂದರು ಹಿರಿಯ ಅಕ್ಕ ಒಬ್ಬರು. ಆಗುವುದಿಲ್ಲ. ಮೆತ್ತಗೆ, ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂದು ಸಂಶೋಧನೆಗಳು ಎಷ್ಟೋ ವರ್ಷಗಳಿಂದ ಹೇಳುತ್ತಿವೆ. ಆ ಮಾತು ಇಲ್ಲಿಗೆ ತಲುಪಲು ಇಷ್ಟು ಕಾಲ ಬೇಕಾಯಿತಲ್ಲ ಎಂದು ನಿಜಕ್ಕೂ ಸಂಕಟವಾಯಿತು. ಮೆಕ್ಕೆಜೋಳ ಒಣಗಿದ ವರ್ಷ ಮನೆಮನೆಯ ಬಾಗಿಲಲ್ಲಿ ನಿಲ್ಲುವವರು ಇವರೇ; ಇಂಥದ್ದು ಮೊದಲು ತಿಳಿಯಬೇಕಾದದ್ದೂ ಇವರಿಗೇ. ಅಕ್ಕ ತಮ್ಮ ನೋಟ್‌ಬುಕ್ಕಿನ ಹಿಂಬದಿಯಲ್ಲಿ ‘ಕೇಳಬಹುದು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಪಕ್ಕದಲ್ಲೇ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ, 14416. ‘ಹಾಗಾದರೆ ನಾಳೆ ಬೆಳಿಗ್ಗೆಯೇ ಒಂದು ಮನೆಗೆ ಹೋಗಬೇಕು’ ಎಂದರು.