ಕೀಮೋ ಆದಮೇಲೆ ಜ್ವರ ಬಂದ್ರೆ ಅಡ್ಮಿಟ್ ಆಗಲೇಬೇಕಾ?

ನಾನು ಕೀಮೋ ಡೇ ಕೇರ್‌ನಲ್ಲಿ ನರ್ಸ್. ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಸಿಸ್ಟರ್, ಜ್ವರ ಬಂದಿದೆ, ಕೌಂಟ್ ಇಳಿದಿದೆ ಅಂತಾರೆ. ಮಾತ್ರೆ ಕೊಟ್ಟು ಮನೆಗೆ ಕಳಿಸೋಕೆ ಆಗಲ್ವಾ?"

ಕೆಲವರಿಗೆ ಆಗುತ್ತದೆ. ಆದರೆ ಆಸ್ಪತ್ರೆಗೆ ಬಂದು ತೋರಿಸಿಕೊಂಡ ಮೇಲೆ. ಈ ಎರಡನೇ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಕೀಮೋ ಆಗಿ ಒಂದು ವಾರ, ಹತ್ತು ದಿನದ ಹೊತ್ತಿಗೆ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ತಳ ಮುಟ್ಟುತ್ತವೆ. ಕೌಂಟ್ ಅನ್ನುವುದು ಇವುಗಳ ಲೆಕ್ಕವನ್ನೇ. ಅದು ಒಂದು ಮೈಕ್ರೋಲೀಟರ್ ರಕ್ತಕ್ಕೆ 500ಕ್ಕಿಂತ ಕೆಳಗಿಳಿದರೆ ಸೋಂಕು ಇದ್ದರೂ ಕೀವು, ಊತ ಸರಿಯಾಗಿ ಕಾಣಿಸುವುದಿಲ್ಲ. ಕೀವು ಕಟ್ಟೋಕೂ ಆ ಕಣಗಳೇ ಬೇಕಲ್ವಾ? ಎಷ್ಟೋ ಸಲ ಸುಳಿವು ಕೊಡುವುದು ಜ್ವರ ಒಂದೇ. ಅದನ್ನೂ ಡೋಲೋ ನುಂಗಿ ಇಳಿಸಿಕೊಂಡು ಬರುತ್ತಾರೆ. "ಈಗ ಜ್ವರ ಇಲ್ಲ ಸಿಸ್ಟರ್" ಅಂತ ಖುಷಿಯಿಂದ ಬೇರೆ ಹೇಳುತ್ತಾರೆ! ಥರ್ಮಾಮೀಟರ್ 101 ತೋರಿಸಿದರೆ, ಇಲ್ಲವೇ 100.4 ಒಂದು ಗಂಟೆ ಇಳಿಯದೆ ನಿಂತರೆ ಹೊರಡಿ. ಬೆಳಗಾಗಲಿ ಅನ್ನಬೇಡಿ.

ಬಂದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ಕಿನ ಮೊದಲ ಡೋಸ್ ಹೋಗಬೇಕು. ಆಮೇಲೆ ಡಾಕ್ಟರು ಮಾಸ್ಕ್ (MASCC) ಸ್ಕೋರ್ ಲೆಕ್ಕ ಹಾಕುತ್ತಾರೆ. ಅಪಾಯ ಎಷ್ಟಿದೆ ಅಂತ ಅಳೆಯೋಕೆ 2000ದಲ್ಲಿ ಪ್ರಕಟವಾದ ಅಂಕಪಟ್ಟಿ ಅದು. ಬಿಪಿ ಬಿದ್ದಿಲ್ಲ ಅಂದ್ರೆ 5, ಸುಸ್ತು ಸಂಕಟ ಜಾಸ್ತಿ ಇಲ್ಲ ಅಂದ್ರೆ 5, ವಯಸ್ಸು 60ರ ಒಳಗಿದ್ದರೆ 2, ಹೀಗೆ. 26ಕ್ಕೆ 21 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯ ಕಡಿಮೆ. ಆಗಲೂ ನಾಲ್ಕು ಗಂಟೆಯಾದರೂ ಕೂರಿಸಿಕೊಂಡು ನೋಡಿಯೇ ಕಳಿಸಬೇಕು. ಅಕ್ಯೂಟ್ ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರ್ ಇದ್ದು ವಾರಗಟ್ಟಲೆ ಕೌಂಟ್ ಏಳದವರಿಗೆ ಮನೆ ಮಾತೇ ಇಲ್ಲ.

ಮಾತ್ರೆ ಅಂದರೆ ಸಾಮಾನ್ಯವಾಗಿ ಸಿಪ್ರೋಫ್ಲಾಕ್ಸಸಿನ್ ಜೊತೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್. ನಮ್ಮ ದೇಶದಲ್ಲಿ ಸಿಪ್ರೋಗೆ ಬಗ್ಗದ ಬ್ಯಾಕ್ಟೀರಿಯಾ ಬಹಳ. ಹಾಗಾಗಿ ಹೋದ ಸಲದ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗಬೇಡಿ.

ಸ್ಕೋರ್ ಕೇಳದ ಸಂಗತಿಯೊಂದಿದೆ. ಮನೆ ಎಲ್ಲಿ, ಮನೇಲಿ ಯಾರಿದ್ದಾರೆ? 2018ರ ಅಮೆರಿಕದ ಮಾರ್ಗಸೂಚಿ ಆಸ್ಪತ್ರೆಯಿಂದ ಒಂದು ಗಂಟೆ ಅಥವಾ 48 ಕಿಲೋಮೀಟರ್ ಒಳಗೆ ಮನೆ ಇರಬೇಕು ಅನ್ನುತ್ತದೆ. ಬೆಂಗಳೂರಲ್ಲಿ 48 ಕಿಲೋಮೀಟರ್ ಒಂದು ಗಂಟೆನಾ? ಸಾಯಂಕಾಲ ಸಿಲ್ಕ್ ಬೋರ್ಡ್ ದಾಟಿದವರನ್ನು ಕೇಳಿ.

ಪಾವಗಡದ ಕಡೆಯ ಒಬ್ಬ ಅಮ್ಮ ಬಂದಿದ್ದರು. ಸ್ತನ ಕ್ಯಾನ್ಸರ್, ಐವತ್ತರ ಆಸುಪಾಸು. ಸ್ಕೋರ್ 26ಕ್ಕೆ 26. ಕೈಯಲ್ಲಿ ಬಟ್ಟೆ ಚೀಲ, ಅದರ ಬಾಯಿಗೆ ಬಿಗಿಯಾಗಿ ಗಂಟು. "ಎಮ್ಮೆ ಕರೆಯೋರಿಲ್ಲ, ಸಂಜೆ ಬಸ್ಸಿಗೆ ಹೋಗ್ತೀನವ್ವಾ" ಅಂದರು. ಬಸ್ಸಲ್ಲಿ ನಾಲ್ಕು ಗಂಟೆಯ ದಾರಿ. ರಾತ್ರಿ ಎರಡಕ್ಕೆ ಚಳಿ ನಡುಕ ಬಂದರೆ? ಅವರನ್ನು ಊರಿಗೂ ಕಳಿಸಲಿಲ್ಲ, ಅಡ್ಮಿಟ್ಟೂ ಮಾಡಲಿಲ್ಲ. ಯಲಹಂಕದಲ್ಲಿ ತಂಗಿ ಮಗ ಇದ್ದ. ಅವನ ಹತ್ರ ಬೈಕಿತ್ತು, ಅವನ ಹೆಂಡತಿಗೆ ಥರ್ಮಾಮೀಟರ್ ನೋಡೋಕೆ ಬರುತ್ತಿತ್ತು. ನನಗೆ ಅಷ್ಟು ಸಾಕಾಯಿತು. ಯಾವಾಗ ಅಳೆಯಬೇಕು, ಯಾವುದಕ್ಕೆ ಓಡಿ ಬರಬೇಕು ಅಂತ ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ದಿನಾ ಬಂದು ತೋರಿಸಿಕೊಂಡು ಹೋಗುತ್ತಿದ್ದರು.

ಮೂರನೇ ದಿನ ಜ್ವರ ಬಿಟ್ಟಿತ್ತು. ಚೀಲ ಅದೇ, ಗಂಟು ಅದೇ. "ಇವತ್ತಾದ್ರೂ ಹೋಗ್ಲಾ?" ಅಂದರು. ಕೌಂಟ್ ರಿಪೋರ್ಟ್ ಬರಲಿ, ಡಾಕ್ಟರ್ ನೋಡಿ ಹೇಳ್ತಾರೆ, ಕೂತ್ಕೊಳ್ಳಮ್ಮಾ ಅಂದೆ.