ಬೋರ್ಡಿನ ಮೇಲೆ ಚೌಕಾಬಾರ

1998, ಫೈನಲ್ ಇಯರ್ ಬಿ.ಎಸ್ಸಿ. ಒಂದು ದಿನ ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಚೌಕಾಬಾರದ ಮನೆ ಬರೆದರು. ಐದೈದಲ ಇಪ್ಪತ್ತೈದು. ಅಡ್ಡಕ್ಕೂ ಉದ್ದಕ್ಕೂ 0, 1, 2, 3, 4 ಎಂದು ನಂಬರು ಹಾಕಿ, ಜೇಬಿನಿಂದ ಒಂದು ಕವಡೆ ತೆಗೆದು ನನ್ನ ಕೈಗಿಟ್ಟರು.

ಪ್ರತಿ ಮನೆಗೂ ಎರಡು ನಂಬರು. ಕವಡೆ ಅಂಗಾತ ಬಿದ್ದರೆ ಎರಡನೆಯದನ್ನು ಮೊದಲನೆಯದಕ್ಕೆ ಕೂಡಿಸಬೇಕು. ಕವುಚಿ ಬಿದ್ದರೆ ಮೊದಲನೆಯದನ್ನು ಎರಡನೆಯದಕ್ಕೆ. ಐದೋ ಜಾಸ್ತಿಯೋ ಆದರೆ ಐದು ಕಳೆಯಬೇಕು. (1, 2)ರಿಂದ ಹೊರಟೆ. ಅಂಗಾತ: (3, 2). ಮತ್ತೆ ಅಂಗಾತ: (0, 2). ಆಮೇಲೆ ಕವುಚಿ ಬಿತ್ತು, ಕಾಯಿ ಕದಲಲೇ ಇಲ್ಲ! ಕ್ಲಾಸೆಲ್ಲ ನಕ್ಕಿತು.

ಮೂಲೆಯ (0, 0) ಮನೆಗೆ ಕಾಯಿ ಯಾವತ್ತೂ ಹೋಗುವುದಿಲ್ಲ. ಆಡುತ್ತಾ ಹೋದಷ್ಟೂ ಉಳಿದ 24 ಮನೆಗಳಲ್ಲಿ ಸರಿಸಮನಾಗಿ ಓಡಾಡುತ್ತದೆ ಎಂದರು.

"ಕವಡೆ ಫಿಫ್ಟಿ-ಫಿಫ್ಟಿ ಬೀಳಲ್ಲ ಸಾರ್" ಎಂದೆ.

"ಬೀಳದಿದ್ರೂ ಅಷ್ಟೇ. ಯಾಕೆ, ಹೇಳು?"

ಅದು ಹೊಳೆಯಲು ನನಗೆ ಒಂದು ವಾರ ಹಿಡಿಯಿತು. ಎರಡು ನಡೆಗಳೂ ಮನೆಗಳನ್ನು ಸುಮ್ನೆ ಅದಲು ಬದಲು ಮಾಡುತ್ತವೆ. ಎರಡು ಮನೆಯ ಕಾಯಿ ಒಂದೇ ಮನೆಗೆ ಬಂದು ಸೇರುವುದಿಲ್ಲ. ಹಾಗಾಗಿ ಸಮಪಾಲು ಕೆಡುವುದಿಲ್ಲ. ಅದಕ್ಕೆ ಇನ್ವೇರಿಯಂಟ್ ಮೆಷರ್ ಎಂಬ ಹೆಸರಿದೆ ಎಂದು ತಿಳಿದದ್ದು ಎಷ್ಟೋ ಕಾಲದ ಮೇಲೆ.

"ಮನೆಗಳ ಗೆರೆ ಅಳಿಸಿ, ಖಾಲಿ ಚೌಕದಲ್ಲಿ ರೂಟ್ ಎರಡರಂಥ, ಭಿನ್ನರಾಶಿಯಾಗಿ ಬರೆಯಲಾಗದ ಜಾಗದಿಂದ ಹೊರಟರೆ?" ಎಂದು ಕೇಳಿದೆ. ಮೇಷ್ಟ್ರು ಸೀಮೆಸುಣ್ಣ ಹಿಡಿದು ಯೋಚಿಸುತ್ತಾ ನಿಂತರು. ಬೆಲ್ ಹೊಡೆಯಿತು.

ಉತ್ತರ ಸಿಕ್ಕಿದ್ದು 2011ರಲ್ಲಿ, ಬೆಂಗಳೂರಿನ ಒಂದು ಸೆಮಿನಾರಿನಲ್ಲಿ. ಬೂರ್ಗೇನ್, ಫರ್ಮನ್, ಲಿಂಡೆನ್‌ಸ್ಟ್ರಾಸ್, ಮೋಜೆಸ್ ಎಂಬ ನಾಲ್ವರು ಗಣಿತಜ್ಞರು ಸೇರಿ ಸಾಧಿಸಿದ್ದರು: ಹಾಗೆ ಹೊರಟ ಕಾಯಿ ಇಡೀ ಚೌಕದಲ್ಲಿ ಸಮನಾಗಿ ಹರಡುತ್ತದೆ. ಭಿನ್ನರಾಶಿಯ ಜಾಗದಿಂದ ಹೊರಟರೆ ಎಣಿಸಿ ಮುಗಿಸುವಷ್ಟು ಮನೆ, ಇಲ್ಲವೇ ಇಡೀ ಚೌಕ. ನಡುವೆ ಬೇರೇನೂ ಇಲ್ಲ. ತಮಾಷೆ ಅಂದರೆ, ಕವಡೆ ಬಿಟ್ಟು ಎರಡು ನಡೆಗಳನ್ನು ಸರದಿಯಂತೆ ಆಡಿದರೆ ಈ ಶಿಸ್ತು ಇರುವುದಿಲ್ಲ. ಕೆಲವು ಜಾಗದಿಂದ ಹೊರಟ ಕಾಯಿ ತೂತುತೂತಾದ ವಿಚಿತ್ರ ಆಕಾರಗಳಲ್ಲೇ ಸುತ್ತುತ್ತಿರುತ್ತದೆ. ಶಿಸ್ತು ತರುವುದು ಕವಡೆಯೇ! ಅದೇ ವರ್ಷ ಬೆನ್ವಾ ಮತ್ತು ಕ್ವಿಂಟ್ ಅವರ ಪ್ರಬಂಧವೂ ಪ್ರಕಟವಾಯಿತು. ಚೌಕದ ಬದಲು ನಿರಂತರ ಸಮ್ಮಿತಿಗಳ ಗುಂಪುಗಳಾದ ಸಿಂಪಲ್ ಲೀ ಗ್ರೂಪ್‌ಗಳ ಹೋಮೋಜೀನಿಯಸ್ ಸ್ಪೇಸ್‌ಗಳಲ್ಲೂ (ಯಾವ ಬಿಂದುವಿನಿಂದ ನೋಡಿದರೂ ಒಂದೇ ಥರ ಇರುವ ಜಾಗಗಳು) ಇಂಥದ್ದೇ ಮಾತು ನಿಲ್ಲುತ್ತದೆ ಎಂದು ಅವರು ತೋರಿಸಿದ್ದರು.

ಸಂಜೆ ಮೇಷ್ಟ್ರಿಗೆ ಫೋನ್ ಮಾಡಿದೆ. ಆಗಲೇ ರಿಟೈರ್ ಆಗಿದ್ದರು. ಪೂರ್ತಿ ಕೇಳಿಸಿಕೊಂಡು, "ಹರಡೋಕೆ ಎಷ್ಟು ಹೊತ್ತು ಹಿಡಿಯುತ್ತೆ?" ಎಂದರು.

"ಛೇದ ಚಿಕ್ಕದಿರುವ ಭಿನ್ನರಾಶಿಗೆ ತೀರಾ ಹತ್ತಿರ ಶುರು ಮಾಡಿದರೆ ತಡ, ಸಾರ್."

"ಪ್ರೂಫ್ ಎಷ್ಟು ಪುಟ?"

"ಐವತ್ತು, ಸಾರ್."

"ಸದ್ಯ, ಅವತ್ತು ಬೆಲ್ ಹೊಡೀತಲ್ಲ" ಎಂದು ನಕ್ಕರು.